ಭಾನುವಾರದ ಲಾಂಗ್ ರನ್: ಗವಿಪುರದಿಂದ ನಾಲ್ಕು ಗೋಪುರ ಸುತ್ತೋಣ, ಯಾರು ಬರುತ್ತೀರಿ?

ಗವಿಪುರದವ
ನಮಸ್ಕಾರ. ಬಸವನಗುಡಿ, ಜಯನಗರ, ಚಾಮರಾಜಪೇಟೆ ಕಡೆಯವರಿಗೆ ಒಂದು ಕೋರಿಕೆ. ಜನವರಿಯ ಮುಂಬೈ ಮ್ಯಾರಥಾನ್‌ಗೆ ನಾವು ಆರು ಜನ ಹೆಸರು ಕೊಟ್ಟಿದ್ದೇವೆ. ಅಂದರೆ ಇನ್ನು ಪ್ರತಿ ಭಾನುವಾರ ಲಾಂಗ್ ರನ್ ಆಗಲೇಬೇಕು. ಇಲ್ಲಿವರೆಗೆ ಲಾಲ್‌ಬಾಗ್ ಒಳಗೇ ಸುತ್ತು ಹಾಕುತ್ತಿದ್ದೆವು. 10 ಕಿ.ಮೀ. ತನಕ ಚೆನ್ನಾಗಿರುತ್ತದೆ. ಆಮೇಲೆ ಅದೇ ಗಾಜಿನ ಮನೆ, ಅದೇ ಕೆರೆ, ಚಪ್ಪಾಳೆ ತಟ್ಟಿ ನಗುವ ಅದೇ ಹಿರಿಯರ ಗುಂಪು. ಗಾಣದ ಎತ್ತಿನ ಥರ ಆಗಿಬಿಡುತ್ತೇವೆ.

ಅದಕ್ಕೇ ಊರೊಳಗೆ ಓಡೋಣ ಅಂತ. ಕೆಂಪೇಗೌಡರ ನಾಲ್ಕು ಗೋಪುರ ಇವೆಯಲ್ಲ, ಕೆಂಪಾಂಬುಧಿ ಕೆರೆ ಹತ್ತಿರದ್ದು, ಮೇಖ್ರಿ ಸರ್ಕಲ್‌ದು, ಹಲಸೂರು ಕೆರೆಯದ್ದು, ಲಾಲ್‌ಬಾಗ್ ಬಂಡೆ ಮೇಲಿನದ್ದು. ನಾಲ್ಕನ್ನೂ ಮುಟ್ಟಿ ಬರೋಣ. ಗವಿಪುರದಿಂದ ಚಾಮರಾಜಪೇಟೆ, ಮೆಜೆಸ್ಟಿಕ್, ಮಲ್ಲೇಶ್ವರ, ಸ್ಯಾಂಕಿ ಕೆರೆ, ಮೇಖ್ರಿ. ಅಲ್ಲಿಂದ ಜಯಮಹಲ್ ರಸ್ತೆ ಹಿಡಿದು ಹಲಸೂರು. ಆಮೇಲೆ ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್, ಹಡ್ಸನ್ ಸರ್ಕಲ್, ಮಿನರ್ವ, ಲಾಲ್‌ಬಾಗ್. ಹತ್ತಿರ ಹತ್ತಿರ 24 ಕಿ.ಮೀ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಇದೇ ಥರ ಗುಂಪು ಕಟ್ಟಿದ್ದೆ, ಐದನೇ ವಾರಕ್ಕೆ ಮುಗಿಸಿಯೂ ಬಿಟ್ಟೆ. ಆ ವಾರ ಒಬ್ಬ ಹೊಸ ಹುಡುಗ ಬಂದಿದ್ದ. ಫೋನು, ಪರ್ಸು ಎರಡನ್ನೂ ನಮ್ಮವರೊಬ್ಬರ ಕಾರಿನಲ್ಲಿ ಇಟ್ಟಿದ್ದ. ಮೆಜೆಸ್ಟಿಕ್ ಹತ್ತಿರ ಅವನಿಗೆ ಕಾಲು ಹಿಡಿದುಕೊಂಡಿದೆ. ನಾವೆಲ್ಲ ಮುಂದೆ. ಯಾರೂ ತಿರುಗಿ ನೋಡಲಿಲ್ಲ. ಮುಂದಿದ್ದವರು ಅವನು ಹಿಂದಿನವರ ಜೊತೆ ಇದ್ದಾನೆ ಅಂದುಕೊಂಡರು, ಹಿಂದಿನವರು ಮುಂದೆ ಹೋಗಿರಬೇಕು ಅಂದುಕೊಂಡರು. ಅವನು ಆನಂದರಾವ್ ಸರ್ಕಲ್‌ನಲ್ಲಿ ಮುಕ್ಕಾಲು ಗಂಟೆ ಕಾದು, ಕುಂಟುತ್ತಾ ಬಸವನಗುಡಿವರೆಗೆ ನಡೆದುಕೊಂಡು ಬಂದ. ನಾವು ಅಷ್ಟರಲ್ಲಿ ಎರಡನೇ ಕಾಫಿ ಕುಡಿಯುತ್ತಾ ಕೂತಿದ್ದೆವು. ಬೈಯಲಿಲ್ಲ ಅವನು. ಕಾರಿನಿಂದ ಫೋನ್ ತೆಗೆದುಕೊಂಡು ಹೋದ. ಮತ್ತೆ ಬರಲಿಲ್ಲ. ಮುಂದಿನ ವಾರ ಇನ್ನೂ ಮೂವರು ಬರಲಿಲ್ಲ.

ಆದ್ದರಿಂದ ಈ ಸಲ ಸರಿಯಾಗಿ ಮಾಡಬೇಕು. ನಡೆಸಿ ಅನುಭವ ಇದ್ದವರು ಹೇಳಿ.

ಎಂಟನೇ ಕ್ರಾಸ್
ಮಾರ್ಗ ಚೆನ್ನಾಗಿದೆ. ಶುರು ಗವಿಪುರದಲ್ಲಿ, ಕೊನೆ ಲಾಲ್‌ಬಾಗ್‌ನಲ್ಲಿ ಇಟ್ಟಿದ್ದೂ ಸರಿ. ತಿರುಗುಮುರುಗು ಮಾಡಿದರೆ ಬೆಳಗ್ಗೆ 5ಕ್ಕೆ ಲಾಲ್‌ಬಾಗ್ ಗೇಟೇ ತೆಗೆದಿರುವುದಿಲ್ಲ, ಗೋಪುರ ಕತ್ತಲಲ್ಲಿ ಕಾಣುವುದೂ ಇಲ್ಲ. ಇನ್ನೊಂದು ಲಾಭ, 9 ಗಂಟೆ ಒಳಗೆ ಬಂದುಬಿಟ್ಟರೆ ವಾಕಿಂಗ್ ಹೊತ್ತು, ಟಿಕೆಟ್ ಬೇಡ. ಬೆವರಿನಲ್ಲಿ ತೊಯ್ದ ನೋಟು ಹಿಡಿದು ಕೌಂಟರ್ ಮುಂದೆ ನಿಂತ ನೆನಪು ನನಗಿದೆ, ಅದಕ್ಕೆ ಹೇಳಿದೆ. ಆಗಸ್ಟ್, ಜನವರಿಯ ಫಲಪುಷ್ಪ ಪ್ರದರ್ಶನದ ವಾರ ಮಾತ್ರ ಅತ್ತ ಸುಳಿಯಬೇಡಿ.

ಏರು ಎಷ್ಟಿದೆ ಅಂತ ಹೊಸಬರಿಗೆ ಮೊದಲೇ ಹೇಳಿ. ಶೇಷಾದ್ರಿಪುರ ದಾಟಿದ ಮೇಲೆ ಸುಮ್ನೆ ಸಮತಟ್ಟು ಅನ್ನಿಸುತ್ತದೆ, ಆದರೆ ಕಾಲಿಗೆ ಗೊತ್ತಾಗುತ್ತದೆ. ಬಂಡೆ ಮೇಲೆ ಕಾವಲು ಗೋಪುರ ಕಟ್ಟಿದವರು ತಗ್ಗು ನೋಡಿ ಕಟ್ಟುತ್ತಾರಾ? ನಾಲ್ಕೂ ಎತ್ತರದ ಜಾಗವೇ.

ಫಿಸಿಯೋ ಅಕ್ಕ
ಸಾರ್, ಮೊದಲ ವಾರವೇ 24 ಯಾಕೆ? ನಿಮ್ಮ ಆರು ಜನಕ್ಕೆ ಸರಿ ಇರಬಹುದು. ಕರೆದಿರುವುದು ಎಲ್ಲರನ್ನೂ ಅಲ್ವಾ? ವಾರಪೂರ್ತಿ 15 ಕಿ.ಮೀ. ಓಡುವವರು ಭಾನುವಾರ ಒಂದೇ ಸಲ 24 ಓಡಿದರೆ ಸೋಮವಾರ ನನ್ನ ಹತ್ತಿರ ಬರುತ್ತಾರೆ. ನನಗೇನು, ಫೀಸು ಸಿಗುತ್ತದೆ!

12ರಿಂದ ಶುರು ಮಾಡಿ. ಆಮೇಲೆ 14, 16. ನಾಲ್ಕನೇ ವಾರ ಮತ್ತೆ 12ಕ್ಕೆ ಇಳಿಸಿ. ಆ ಇಳಿಸುವ ವಾರವನ್ನು ಎಲ್ಲರೂ ಹಾರಿಸುತ್ತಾರೆ, ಮೈಗೆ ಬೇಕಾಗಿರುವುದೇ ಅದು. ವೇಗ ಎಷ್ಟಿರಬೇಕು ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. 'ಹೂಂ', 'ಹಾಂ' ಅಂತ ಮಾತ್ರ ಬರುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಗುಂಪಿನಲ್ಲಿ ಓಡುವುದರ ದೊಡ್ಡ ಅಪಾಯ ಇದೇ, ಪಕ್ಕದವರು ಸ್ವಲ್ಪ ಮುಂದೆ, ನಾನು ಸ್ವಲ್ಪ ಮುಂದೆ ಅಂತ ಲಾಂಗ್ ರನ್ ಹೋಗಿ ರೇಸ್ ಆಗಿಬಿಡುತ್ತದೆ.

ಓಆರ್‌ಎಸ್ ಬಗ್ಗೆಯೂ ಒಂದು ಮಾತು. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅದನ್ನು ಒಂದೇ ಲೋಟಕ್ಕೆ ಸುರಿದು ಕುಡಿಯುವವರನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ತೊಳಸುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ. ಬರೀ ನೀರನ್ನು ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಕುಡಿಯುತ್ತಾ ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ತಲೆಸುತ್ತು, ಗೊಂದಲ ಶುರುವಾಗುತ್ತದೆ. ನೋಡುವವರು ನೀರು ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ನೀರೇ ಕುಡಿಸುತ್ತಾರೆ.

ಮೂರೂವರೆ ಗುರಿ
ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಮೂರೂವರೆ ಗಂಟೆಯೊಳಗೆ ಫುಲ್, ಅಂದರೆ 42 ಕಿ.ಮೀ. ಪೂರ್ತಿ ಮ್ಯಾರಥಾನ್, ಮುಗಿಸಲು ತಯಾರಿ ಮಾಡುತ್ತಿದ್ದೇನೆ. ಅಂದರೆ ರೇಸಿನಲ್ಲಿ ಕಿಲೋಮೀಟರಿಗೆ 5 ನಿಮಿಷದ ಒಳಗೆ. ಲಾಂಗ್ ರನ್ನಿನಲ್ಲಿ ಆರಾಮಾಗಿ 5 ನಿಮಿಷ 45 ಸೆಕೆಂಡ್. ನಿಮ್ಮ ಗುಂಪಿನಲ್ಲಿ ಕಿಲೋಮೀಟರಿಗೆ 8:30 ನಿಮಿಷ ತೆಗೆದುಕೊಳ್ಳುವವರಿರುತ್ತಾರೆ. ಪ್ರತಿ ಸ್ಟಾಪಿನಲ್ಲಿ ಅವರಿಗೆ ಕಾಯುತ್ತಾ ನಿಂತರೆ ನನ್ನ ಕಾಲು ತಣ್ಣಗಾಗುತ್ತದೆ. ಗುಂಪು ಗುಂಪು ಅಂತ ಎಲ್ಲರೂ ಹೇಳುತ್ತೀರಿ, ವೇಗವಾಗಿ ಓಡುವವನ ಕಷ್ಟ ಯಾರೂ ಕೇಳುವುದಿಲ್ಲ.

ಗವಿಪುರದವ
ನ್ಯಾಯವಾದ ಪ್ರಶ್ನೆ. ಹೋದ ಸಲ ನಾನೂ ಹೀಗೇ ಯೋಚಿಸಿದ್ದೆ, ಅದಕ್ಕೇ ಹಾಗಾಯಿತು. ನಿಂತು ಕಾಯಬೇಡಿ, ಹಿಂದಕ್ಕೆ ಓಡಿ. ನೀರಿನ ಜಾಗ ತಲುಪಿದ ಮೇಲೆ ತಿರುಗಿ ಕೊನೆಯವರು ಸಿಗುವ ತನಕ ಓಡಿ, ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಮುಂದೆ ಬನ್ನಿ. ಗುಂಪಿಗೆ 24 ಆದಾಗ ನಿಮಗೆ 29, 30 ಆಗಿರುತ್ತದೆ. ನಿಮ್ಮ ಪ್ಲಾನಿಗೂ ಅಷ್ಟೇ ಬೇಕು ಅಲ್ವಾ?

ಮೂರೂವರೆ ಗುರಿ
ಇದು ಹೊಳೆದಿರಲಿಲ್ಲ. ಆಗಬಹುದು. ಆದರೆ ಕೊನೆಯವರ ಜೊತೆ ಪೂರ್ತಿ ಓಡು ಅಂತ ಮಾತ್ರ ಹೇಳಬೇಡಿ.

ನಿಧಾನವೇ ಪ್ರಧಾನ
ಆ 8:30ರವಳು ನಾನೇ ಇರಬೇಕು. 53 ವರ್ಷ. ನಮಸ್ಕಾರ ಮೂರೂವರೆಯವರೇ. ನಿಮ್ಮ ಕಾಲು ತಣ್ಣಗಾಗುವಷ್ಟರಲ್ಲಿ ನನ್ನ ಕಿವಿ ಬಿಸಿ ಆಗಿತ್ತು.

ಕೊನೆಯಲ್ಲಿ ಓಡುವವರ ಕಡೆಯಿಂದಲೂ ಒಂದು ಮಾತು ಕೇಳಿ. ಮುಂದಿನವರು ನೀರಿನ ಹತ್ತಿರ ಹತ್ತು ನಿಮಿಷ ನಿಂತು ದಣಿವಾರಿಸಿಕೊಳ್ಳುತ್ತಾರೆ. ನಾವು ಏದುಸಿರು ಬಿಡುತ್ತಾ ಬಂದು ಲೋಟಕ್ಕೆ ಕೈ ಹಾಕುವ ಹೊತ್ತಿಗೆ "ಸರಿ, ಎಲ್ಲರೂ ಬಂದರು, ಹೊರಡೋಣ" ಅನ್ನುತ್ತಾರೆ. ಜಾಸ್ತಿ ಹೊತ್ತು ಓಡಿದವರಿಗೇ ಕಡಿಮೆ ಬಿಡುವು. ಹತ್ತು ಗುಂಪಿನಲ್ಲಿ ಎಂಟರಲ್ಲಿ ಹೀಗೇ. ಕೊನೆಯವರು ಬಂದ ಮೇಲೆ ಮೂರು ನಿಮಿಷ ಎಣಿಸಿ ಹೊರಡಿ. ಅಷ್ಟೇ ಸಾಕು.

ಇನ್ನೊಂದು. ಹಿಂದೆ ಉಳಿದವರ ಜೊತೆ ಇರಲು ಒಬ್ಬರನ್ನು ಗೊತ್ತು ಮಾಡಿ, ಪ್ರತಿ ವಾರ ಬೇರೆಯವರು. ಮದುವೆ ಮನೆಯಲ್ಲಿ ಬಡಿಸುವವರು ಕೊನೆ ಪಂಕ್ತಿಗೆ ಕೂರುತ್ತಾರಲ್ಲ, ಹಾಗೆ. ಅವರ ಹಿಂದೆ ಯಾರೂ ಇರಬಾರದು. ನಮ್ಮ ಹಳೇ ಗುಂಪಿನಲ್ಲಿ ಇದಕ್ಕೆ ಸ್ವೀಪ್ ಅನ್ನುತ್ತಿದ್ದರು, ಕಸ ಗುಡಿಸಿದ ಹಾಗೆ ಕೇಳುತ್ತದೆ, ನನಗೆ ಇಷ್ಟವಿಲ್ಲ.

ಎಂಟನೇ ಕ್ರಾಸ್
ಕೊನೆ ಪಂಕ್ತಿ! ಇದೇ ಹೆಸರು ಇರಲಿ. "ಈ ವಾರ ಕೊನೆ ಪಂಕ್ತಿ ಯಾರು?"

ಹಲಸೂರು ಹುಡುಗಿ
ಯಾರೂ ಹೇಳದ ಎರಡು ವಿಷಯ ಹೇಳುತ್ತೇನೆ.

ಒಂದು. 5 ಗಂಟೆಗೆ ಗವಿಪುರದಲ್ಲಿ ಇರಬೇಕು ಅಂದರೆ ನಾನು ಹಲಸೂರಿನಲ್ಲಿ 4:15ಕ್ಕೆ ಮನೆ ಬಿಡಬೇಕು. ಮೆಟ್ರೋ ಭಾನುವಾರ ಶುರುವಾಗುವುದೇ 7ಕ್ಕೆ. ಕತ್ತಲಲ್ಲಿ ಒಬ್ಬಳೇ ಆಟೋ ಹತ್ತಬೇಕು. ನನಗೆ ಓಟದ ಭಯ ಇಲ್ಲ, ಓಟಕ್ಕೆ ಬರುವ ದಾರಿಯದ್ದೇ ಭಯ. ಅದಕ್ಕೆ ನಡುವೆ ಸೇರಿಕೊಳ್ಳಲು ಬಿಡಿ. ಮೇಖ್ರಿಗೆ ಎಷ್ಟು ಹೊತ್ತಿಗೆ ಬರುತ್ತೀರಿ, ಹಲಸೂರು ಕೆರೆಗೆ ಎಷ್ಟು ಹೊತ್ತಿಗೆ, ಇದನ್ನು ಶನಿವಾರವೇ ಹಾಕಿ. ಹೊರಟ ಮೇಲೆ ಒಬ್ಬರು ಗ್ರೂಪಿನಲ್ಲಿ ಲೈವ್ ಲೊಕೇಶನ್ ಹಾಕಿರಲಿ. ದೂರದಿಂದ ಬರುವ ಹೆಣ್ಣುಮಕ್ಕಳನ್ನು ಕಾರು ಇರುವವರು ಕರೆದುಕೊಂಡು ಬರುವ ವ್ಯವಸ್ಥೆಯೂ ಇರಲಿ.

ಎರಡು. ಶೌಚಾಲಯ. 24 ಕಿ.ಮೀ. ಮಾರ್ಗದಲ್ಲಿ ನೀವು ಗೋಪುರ ಗುರುತು ಮಾಡಿದ್ದೀರಿ, ನೀರು ಗುರುತು ಮಾಡಿದ್ದೀರಿ, ಕಾಫಿ ಕೂಡ ಗುರುತು ಮಾಡಿರುತ್ತೀರಿ ಬಿಡಿ. ಇದನ್ನು ಮರೆತಿದ್ದೀರಿ, ಏಕೆಂದರೆ ನಿಮಗೆ ಗೋಡೆ ಸಾಕು. ಪೆಟ್ರೋಲ್ ಬಂಕ್‌ಗಳಲ್ಲಿ ಕೇಳಿದರೆ ಬಿಡಬೇಕು, ಪೆಟ್ರೋಲ್ ಹಾಕಿಸಲೇಬೇಕು ಅಂತಿಲ್ಲ. ಆದರೆ ಬೆಳಗಿನ ಜಾವ ಬೀಗ ಇರುತ್ತದೆ, ಕೀಲಿ ಇಟ್ಟುಕೊಂಡವರು ಮಲಗಿರುತ್ತಾರೆ. ಯಾವುದು ತೆಗೆದಿರುತ್ತದೆ ಅಂತ ಒಂದು ಸಲ ಆ ಹೊತ್ತಿನಲ್ಲೇ ಹೋಗಿ ನೋಡಿ ಬನ್ನಿ.

ಗವಿಪುರದವ
ಒಪ್ಪಿಕೊಂಡೆ ತಂಗಿ, ನಿಜವಾಗಿಯೂ ಮರೆತಿದ್ದೆ. ನಾಳೆ ಬೆಳಗ್ಗೆ ಸ್ಕೂಟರಿನಲ್ಲಿ ಹೋಗಿ ನೋಡಿ ಬಂದು ಹಾಕುತ್ತೇನೆ. ಸಮಯದ ಲೆಕ್ಕ ಹೀಗೆ: 5ಕ್ಕೆ ಬಿಟ್ಟರೆ ನಡುವಿನ ಗುಂಪು 6:20ರ ಹೊತ್ತಿಗೆ ಮೇಖ್ರಿ, 7:15ಕ್ಕೆ ಹಲಸೂರು ಕೆರೆ, 8:20ಕ್ಕೆ ಲಾಲ್‌ಬಾಗ್. ಕೊನೆ ಪಂಕ್ತಿ ಮುಕ್ಕಾಲು ಒಂಬತ್ತರೊಳಗೆ. ಯಾರಿಗಾದರೂ ಹಲಸೂರಿನಲ್ಲಿ ಸಾಕು ಅನ್ನಿಸಿದರೆ ಅಷ್ಟು ಹೊತ್ತಿಗೆ ಮೆಟ್ರೋ ಓಡುತ್ತಿರುತ್ತದೆ, ಟ್ರಿನಿಟಿಯಲ್ಲೋ ಹಲಸೂರಿನಲ್ಲೋ ಹತ್ತಿ ಮನೆಗೆ ಹೋಗಬಹುದು. ಅದಕ್ಕಿಂತ ಮುಂಚೆ ನಿಂತರೆ ಮೆಜೆಸ್ಟಿಕ್‌ನಲ್ಲಿ ಬಸ್ಸು. ಫೋನು, ನೂರು ರೂಪಾಯಿ, ಒಂದು ಚೀಟಿಯಲ್ಲಿ ಮನೆಯವರ ನಂಬರ್, ಈ ಮೂರು ಮೈಮೇಲೇ ಇರಬೇಕು. ಕಾರಿನಲ್ಲಿ ಅಲ್ಲ.

ಓಡದವನು
ನಾನು ಓಡುವುದಿಲ್ಲ. ನನ್ನ ಹೆಂಡತಿ ಓಡುತ್ತಾಳೆ. ಮೂರು ವರ್ಷದಿಂದ ಬೇರೊಂದು ಗುಂಪಿಗೆ ಸ್ಕೂಟರಿನಲ್ಲಿ ನೀರು ಹೊತ್ತಿದ್ದೇನೆ, ಆ ಗುಂಪು ಈಗ ಚದುರಿದೆ. ನಿಮಗೆ ಬೇಕಾದರೆ ಬರುತ್ತೇನೆ.

ಲೆಕ್ಕ ಹೇಳುತ್ತೇನೆ. ಈ ಚಳಿಗೆ ಒಬ್ಬರಿಗೆ 24 ಕಿ.ಮೀ.ಗೆ ಒಂದೂವರೆ ಲೀಟರ್ ಹಿಡಿಯಿರಿ. 12 ಜನಕ್ಕೆ 18. ಒಂದು 20 ಲೀಟರ್ ಕ್ಯಾನ್ ಮುಂದೆ ಕಾಲಿನ ಹತ್ತಿರ ನಿಲ್ಲುತ್ತದೆ, ಮೇಲೆ ಒಂದು ಟವೆಲ್ ಸುತ್ತಿದರೆ ಅಲ್ಲಾಡುವುದಿಲ್ಲ. 12ಕ್ಕಿಂತ ಜಾಸ್ತಿ ಆದರೆ ಇನ್ನೊಂದು ಸ್ಕೂಟರ್ ಬೇಕು, ಅಥವಾ ಆ ಕಡೆ ಯಾರದ್ದಾದರೂ ಮನೆಯಲ್ಲಿ ಎರಡನೇ ಕ್ಯಾನ್ ಇಡಬೇಕು. ಪ್ರತಿ 4, 5 ಕಿ.ಮೀ.ಗೆ ನಿಲ್ಲುತ್ತೇನೆ. ಬಾಳೆಹಣ್ಣು ಏಲಕ್ಕಿಯದ್ದೇ ತನ್ನಿ, ಪಚ್ಚಬಾಳೆ ಒಂದು ತಿಂದರೆ ಓಡಲು ಆಗುವುದಿಲ್ಲ ಅನ್ನುತ್ತಾಳೆ ನನ್ನವಳು. ಕಡಲೆಕಾಯಿ ಚಿಕ್ಕಿಯನ್ನು ಮನೆಯಲ್ಲೇ ಪುಡಿ ಮಾಡಿಕೊಂಡು ಬನ್ನಿ, ಏದುಸಿರಿನಲ್ಲಿ ಕಚ್ಚಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪೇಪರ್ ಕಪ್ ತರುವುದಿಲ್ಲ. ನಿಮ್ಮ ನಿಮ್ಮ ಲೋಟ ನೀವು ತನ್ನಿ.

ಕೊನೆಯವರು ತಪ್ಪಿಹೋಗುವ ವಿಷಯ. ನಾನು ಬಟ್ಟೆ ಕ್ಲಿಪ್ ಇಟ್ಟುಕೊಂಡಿರುತ್ತೇನೆ. ಹೊರಡುವಾಗ ಎಷ್ಟು ಜನವೋ ಅಷ್ಟು ಕ್ಲಿಪ್ ಒಂದು ದಾರಕ್ಕೆ ಹಾಕಿ ಸ್ಕೂಟರಿನ ಎಡಗಡೆ ಕನ್ನಡಿಗೆ ಕಟ್ಟುತ್ತೇನೆ. ಬಲಗಡೆ ಕನ್ನಡಿಗೆ ಖಾಲಿ ದಾರ. ನೀರಿನ ಹತ್ತಿರ ಬಂದವರು ಒಂದು ಕ್ಲಿಪ್ ತೆಗೆದು ಎಡದಿಂದ ಬಲಕ್ಕೆ ಹಾಕಬೇಕು, ಆಮೇಲೇ ನೀರು. ಎಡಗಡೆ ಒಂದು ಉಳಿದಿದ್ದರೂ ನಾನು ಸ್ಕೂಟರ್ ಸ್ಟಾರ್ಟ್ ಮಾಡುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಬಲದಿಂದ ಎಡಕ್ಕೆ. ಮೂರು ವರ್ಷದಲ್ಲಿ ಒಬ್ಬರನ್ನೂ ಬಿಟ್ಟು ಬಂದಿಲ್ಲ. ಕ್ಲಿಪ್ ಮಾತ್ರ ನಾಲ್ಕು ಕಳೆದಿವೆ.

ನಿಧಾನವೇ ಪ್ರಧಾನ
ನಿಮ್ಮನ್ನು ನಾವೇ ಹುಡುಕಿಕೊಂಡು ಬರಬೇಕಿತ್ತು ಸಾರ್. ದಯವಿಟ್ಟು ಬನ್ನಿ.

ಬೆಟ್ಟದ ಪಾದ
ನಾನು ಮೈಸೂರಿನವನು, ಇಲ್ಲಿ ಮಾತಾಡುವ ಹಕ್ಕಿಲ್ಲ ಅನ್ನಬೇಡಿ. ನಾವು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಶುರು ಮಾಡಿ ಚಾಮುಂಡಿ ಬೆಟ್ಟದ ಕಡೆ ಹೋಗುತ್ತೇವೆ. ನಾಯಿಯ ವಿಷಯ ನೀವ್ಯಾರೂ ತೆಗೆಯಲಿಲ್ಲವಲ್ಲ, ಬೆಂಗಳೂರಿನಲ್ಲಿ ನಾಯಿ ಇಲ್ಲವಾ? ಹಿಂಡು ಕಂಡರೆ ಓಟ ನಿಲ್ಲಿಸಿ, ನಡೆಯಿರಿ. ಓಡಿದರೆ ಅವು ಅಟ್ಟಿಸಿಕೊಂಡು ಬರುತ್ತವೆ. ಕಲ್ಲು ಎತ್ತಬೇಡಿ, ಬಗ್ಗಿದ ಹಾಗೆ ಮಾಡಿದರೆ ಕೆಲವು ಹೆದರುತ್ತವೆ, ಕೆಲವು ಕೆರಳುತ್ತವೆ. ಕಚ್ಚಿದರೆ, ಹಲ್ಲು ತಾಗಿ ತರಚಿದರೂ ಅಷ್ಟೇ, ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಅರಿಶಿನ ಮೆತ್ತಿ ಮನೆಗೆ ಹೋದವರೊಬ್ಬರು ನಮ್ಮಲ್ಲಿದ್ದರು. ಅವರನ್ನು ಎಳೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಬೇಕಾಯಿತು.

ಹಾಗೇ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದಾಗ ಬಲಗಡೆ ಓಡಿ. ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣಬೇಕು. ಇಬ್ಬರಿಗಿಂತ ಜಾಸ್ತಿ ಅಕ್ಕಪಕ್ಕ ಹೋಗಬೇಡಿ. ಕಿವಿಯಲ್ಲಿ ಹಾಡು ಬೇಡ.

ಎಂಟನೇ ಕ್ರಾಸ್
ನಾಯಿ ಇವೆ ಸಾರ್, ಎಷ್ಟು ಬೇಕು? ನಮ್ಮಲ್ಲಿ ನಾಯಿಗಿಂತ ಅಗೆದ ರಸ್ತೆ ಜಾಸ್ತಿ. ರಸ್ತೆಗೆ ಕಾಂಕ್ರೀಟ್ ಹಾಕುವ ವೈಟ್ ಟಾಪಿಂಗ್ ಅಂತ ಒಂದು ವಾರ ಇದ್ದ ರಸ್ತೆ ಇನ್ನೊಂದು ವಾರ ಇರುವುದಿಲ್ಲ. ಫುಟ್‌ಪಾತ್ ಚಪ್ಪಡಿ ಒಂದು ಕಡೆ ಕಾಲಿಟ್ಟರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಶನಿವಾರ ಸಂಜೆ ಯಾರಾದರೂ ಬೈಕಿನಲ್ಲಿ ಮಾರ್ಗ ಒಂದು ಸುತ್ತು ನೋಡಿ ಬರಲಿ.

ಪೊಲೀಸ್ ಅನುಮತಿ ಬೇಕಾ ಅಂತ ಯಾರೋ ಫೋನಿನಲ್ಲಿ ಕೇಳಿದರು. ನಾವು ರಸ್ತೆ ಮುಚ್ಚಿಸುತ್ತಿಲ್ಲ, ಮೈಕ್ ಇಲ್ಲ, ಬ್ಯಾನರ್ ಇಲ್ಲ, ದುಡ್ಡು ವಸೂಲಿ ಇಲ್ಲ. ಹದಿನೈದು ಜನ ಫುಟ್‌ಪಾತ್ ಮೇಲೆ ಓಡುತ್ತೇವೆ. ಆದರೂ ನಮ್ಮ ಠಾಣೆಗೆ ಹೋಗಿ ಒಂದು ಮಾತು ಹೇಳಿ ಬಂದೆ. ಅಲ್ಲಿದ್ದವರು ಕೇಳಿದ್ದು ಒಂದೇ, "ಯಾಕ್ರೀ, ಭಾನುವಾರ ನಿದ್ದೆ ಬರಲ್ವಾ?"

ಅಂದ ಹಾಗೆ, ಗೋಪುರಗಳನ್ನು ಕಟ್ಟಿಸಿದ್ದು ಮಗ ಇಮ್ಮಡಿ ಕೆಂಪೇಗೌಡ ಅಂತಲೂ ಹೇಳುತ್ತಾರೆ. ಊರು ಇವನ್ನು ದಾಟಿ ಬೆಳೆಯಬಾರದು ಅಂತಿತ್ತು ಅನ್ನುವುದು ಜನರ ಕಥೆ. ಈಗ ಮೇಖ್ರಿ ಗೋಪುರ ದಾಟಿ ಯಲಹಂಕ ತಲುಪಲು ಭಾನುವಾರದ ಟ್ರಾಫಿಕ್‌ನಲ್ಲೂ ಎಷ್ಟು ಹೊತ್ತು ಬೇಕು ನೋಡಿ.

ಗವಿಪುರದವ
ಸರಿ, ತೀರ್ಮಾನ. ಅಕ್ಕ ಹೇಳಿದ ಹಾಗೆ ಮೊದಲ ಭಾನುವಾರ 12 ಕಿ.ಮೀ. ಮಾತ್ರ, ಒಂದೇ ಗೋಪುರ. 5:30ಕ್ಕೆ ಗವಿಪುರ. ಚಾಮರಾಜಪೇಟೆ, ಕೆ.ಆರ್. ಮಾರ್ಕೆಟ್ ಪಕ್ಕದಿಂದ ಅವೆನ್ಯೂ ರಸ್ತೆ, ಮೆಜೆಸ್ಟಿಕ್, ಮಲ್ಲೇಶ್ವರ, ಸ್ಯಾಂಕಿ ಕೆರೆ ಒಂದು ಸುತ್ತು, ವಾಪಸ್ ಮಲ್ಲೇಶ್ವರದ ಎಂಟನೇ ಕ್ರಾಸ್. ಅಲ್ಲಿ ಇಡ್ಲಿ. ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯೋಣ. ಮಾರ್ಕೆಟ್ ಹತ್ತಿರ ಆ ಹೊತ್ತಿಗೆ ಲಾರಿ ಇಳಿಸುತ್ತಿರುತ್ತಾರೆ, ನೆಲದ ಮೇಲೆ ಕೋಸಿನ ಎಲೆ, ಬಾಳೆ ಎಲೆ. ಅಲ್ಲಿ ಎಲ್ಲರೂ ನಡೆಯುವುದು, ವೇಗದವರೂ. ಕೊನೆ ಪಂಕ್ತಿ ನಾನು.

ಗವಿಪುರದವ
ಭಾನುವಾರದ ವರದಿ. ಒಟ್ಟು 17 ಜನ. ಮಳೆ ಬರುವ ಹಾಗಿತ್ತು, ಬರಲಿಲ್ಲ. ಮೂರೂವರೆಯವರು ಮೂರು ಸಲ ಹಿಂದೆ ಬಂದು ಹೋದರು. ಮೂರನೇ ಸಲ ನಿಧಾನವೇ ಪ್ರಧಾನ ಮೇಡಂ ಜೊತೆ ಮಾತಿಗೆ ಬಿದ್ದು ಶೇಷಾದ್ರಿಪುರದಿಂದ ಸ್ಯಾಂಕಿವರೆಗೆ ಅವರ ಜೊತೆಗೇ ಓಡಿದರು. ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ ಅಷ್ಟೆ.

ಆನಂದರಾವ್ ಸರ್ಕಲ್ ಹತ್ತಿರ ಮೊದಲ ನೀರು. ಅದೇ ಜಾಗ. ಕೊನೆ ಪಂಕ್ತಿಯಾಗಿ ನಾನು ತಲುಪಿದಾಗ ಎಡಗಡೆ ಕನ್ನಡಿಯಲ್ಲಿ ಎರಡು ಕ್ಲಿಪ್. ಒಂದು ನನ್ನದು. ಇನ್ನೊಂದು? ನನ್ನ ಹಿಂದೆ ಯಾರೂ ಇರಲಿಲ್ಲ, ಅದು ಖಂಡಿತ. ಕೈಕಾಲು ತಣ್ಣಗಾಯಿತು. ಮೂರೂವರೆಯವರು ಯಾರೂ ಹೇಳದೆಯೇ ಹಿಂದಕ್ಕೆ ಓಡಿದರು. ಹನ್ನೆರಡು ನಿಮಿಷ ಆದ ಮೇಲೆ ಇಬ್ಬರೂ ಬಂದರು. ನಮ್ಮ ಹೊಸಬರು, ಚಾಮರಾಜಪೇಟೆಯವರು, ಮಾರ್ಕೆಟ್ ಒಳಗೆ ನುಗ್ಗಿ ಕನಕಾಂಬರ, ಸೇವಂತಿಗೆ ಕೊಂಡು ಚೀಲ ಹಿಡಿದುಕೊಂಡು ಬರುತ್ತಿದ್ದಾರೆ. "ಹೇಗಿದ್ದರೂ ಈ ಕಡೆ ಹೋಗ್ತೀರಲ್ಲ, ಹೂವು ತನ್ನಿ ಅಂತ ಮನೆಯಲ್ಲಿ ಹೇಳಿದ್ದರು ಸಾರ್." ಅವರು ಒಳಗೆ ಚೌಕಾಸಿ ಮಾಡುವಾಗ ನಾನು ಹೊರಗಿನಿಂದ ದಾಟಿ ಬಂದಿದ್ದೆ. ಚೀಲ ಸ್ಕೂಟರಿನ ಕೊಕ್ಕೆಗೆ ಹೋಯಿತು. ಕ್ಲಿಪ್ ಬಲಕ್ಕೆ ಹೋಯಿತು.

ಹಳೇ ಹುಡುಗನ ನಂಬರ್ ನನ್ನ ಹತ್ತಿರ ಇನ್ನೂ ಇದೆ. ಸಂಜೆ ಮೆಸೇಜ್ ಮಾಡಿದೆ. ಓದಿದ್ದಾನೆ. ಉತ್ತರ ಬಂದಿಲ್ಲ.

ಹಲಸೂರು ಹುಡುಗಿ
ಬರುವ ವಾರ ಕೊನೆ ಪಂಕ್ತಿ ನಾನು. ಹೂವು, ಸೊಪ್ಪು, ತರಕಾರಿ ಬೇಕಾದವರು ಶನಿವಾರವೇ ಕೊಂಡಿಟ್ಟುಕೊಳ್ಳಿ.

ಓಡದವನು
ಕ್ಲಿಪ್ ವಿಷಯ. 17 ತೆಗೆದುಕೊಂಡು ಹೋಗಿದ್ದೆ, 16 ವಾಪಸ್ ಬಂದಿವೆ. ಯಾರದ್ದೋ ಟೀ ಶರ್ಟಿಗೆ ಒಂದು ಇದೆ, ಒಗೆಯುವ ಮುಂಚೆ ನೋಡಿ. ಮುಂದಿನ ವಾರ 20 ದಾಟುವುದಾದರೆ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ. ಅವತ್ತು ನಮ್ಮ ಮನೆಯಲ್ಲಿ ಬೆಡ್‌ಶೀಟ್ ಒಗೆಯುವ ದಿನ, ಇರುವ ಕ್ಲಿಪ್ಪೆಲ್ಲ ತಂತಿಯ ಮೇಲೆ ಇರುತ್ತದೆ.